ಮೇಲೆ ಯಾರನ್ನು ತರಲಿ, ಗುರುಗಳೇ?

ಭಾವನ ಗ್ರಹಚಾರ ಶುರುವಾದದ್ದು ಬೆಳಿಗ್ಗೆ ಹತ್ತೂಕಾಲಿಗೆ. ಯಾರೋ ಸಲಹೆ ಕೇಳಿದರು, ಇವನು ಕೈ ಕಟ್ಟಿಕೊಂಡು ಕೂರಲಾರದೆ ಉತ್ತರ ಬರೆದ, ಅಷ್ಟೇ.

ಭಾವ ಎಂದರೆ ಲಿಫ್ಟ್ ರಿಪೇರಿ ಕಂಪನಿಯ ದೂರು ವಿಭಾಗದಲ್ಲಿ ಒಂದನೇ ಫೋನಿನ ಗುಮಾಸ್ತ. ಅದೇ ಕಂಪನಿಯ ಸ್ಟೋರಿನಲ್ಲಿ ಗುಂಡಿ, ತಂತಿ, ಗ್ರೀಸು ಡಬ್ಬ ಕಾಯುವವನು ಅವನ ಹೆಂಡತಿಯ ತಮ್ಮ. ಆ ಭಾಮೈದ ಹೊತ್ತುಗೊತ್ತಿಲ್ಲದೆ "ಭಾವಾ, ಭಾವಾ" ಎಂದು ಕೂಗಿದ್ದರ ಫಲವಾಗಿ ಇಡೀ ಆಫೀಸಿಗೇ ಅವನು ಭಾವನಾಗಿದ್ದ. ಮಹಡಿ ಮೇಲಿನ ಸಾಹೇಬರು ಕೂಡ ಒಮ್ಮೊಮ್ಮೆ ಬಾಯಿತಪ್ಪಿ "ಏನ್ರೀ ಭಾವ" ಎಂದುಬಿಡುತ್ತಿದ್ದರು.

ಅವನಿಗೊಂದು ಹುಚ್ಚು. ಮೊಬೈಲಿನಲ್ಲಿ ಬೇಸ್‌ಬಾಲ್ ತಂಡ ನಡೆಸುವ ಆಟ. ನಿಜವಾದ ಬೇಸ್‌ಬಾಲ್ ಪಂದ್ಯವನ್ನು ಅವನು ಜನ್ಮದಲ್ಲಿ ಕಂಡವನಲ್ಲ. ಈ ಆಟದಲ್ಲಿ ಬ್ಯಾಟು ಬೀಸುವ ಹಾಗೂ ಇಲ್ಲ, ಓಡುವ ಹಾಗೂ ಇಲ್ಲ. ಮ್ಯಾನೇಜರಾಗಿ ಕೂತು ತಂಡ ಕಟ್ಟಬೇಕು. ದೊಡ್ಡ ತಂಡದ ಕೆಳಗೆ ಕಿರಿಯರ ತಂಡ ಎಂದೊಂದಿರುತ್ತದೆ. ಹದಿನೇಳು ಹದಿನೆಂಟರ ಹುಡುಗರು ಅಲ್ಲಿಗೆ ಬಂದು ಸೇರುತ್ತಾರೆ. ಯಾರಿಗೆ ಎಂಥ ತರಬೇತಿ, ಯಾರಿಗೆ ವಿಶ್ರಾಂತಿ, ಯಾರನ್ನು ಯಾವಾಗ ಮೇಲಿನ ತಂಡಕ್ಕೆ ತರಬೇಕು ಎಂಬುದೇ ಇದರ ಮರ್ಮ. ಬೇಗ ತಂದರೆ ಹುಡುಗ ಎದೆಗುಂದುತ್ತಾನೆ, ತಡವಾದರೆ ಮುನಿಸಿಕೊಂಡು ಮುರುಟಿಹೋಗುತ್ತಾನೆ. ಉಳಿದ ಆಟಗಾರರೆಲ್ಲ ಬೆಳೆದು ನಿಂತವರ ಹಿಂದೆ ಬಿದ್ದರೆ ಭಾವ ಮಾತ್ರ ಎಳೆಯರನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದ. ಅವನ ಕಿರಿಯರ ತಂಡದಲ್ಲಿ ಚೆಂಡೆಸೆಯುವ ಎಡಗೈ ಹುಡುಗನೊಬ್ಬನಿಗೆ ಭುಜ ನೋವು ಬಂದಾಗ ಇವನಿಗೆ ಎರಡು ದಿನ ಊಟ ಸೇರಲಿಲ್ಲ. ಹೆಂಡತಿ ಪೂರ್ತಿ ವಿಷಯ ತಿಳಿಯದೆ ಇವನ ಭುಜಕ್ಕೇ ಎಣ್ಣೆ ತಿಕ್ಕಿದ್ದಳು.

ಹೀಗಾಗಿ ಆ ಆಟದ ಲೋಕದಲ್ಲಿ ಅವನಿಗೆ ದೊಡ್ಡ ಹೆಸರು. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಆಡುವುದಿಲ್ಲ. ಇವನು "ತೋಟಗಾರ." ಎಲ್ಲೆಲ್ಲಿಯವರೋ ಆಟದೊಳಗೇ ಪತ್ರ ಬರೆದು ಅವನ ಸಲಹೆ ಕೇಳುತ್ತಿದ್ದರು. ಅವರಲ್ಲಿ "ಹೊಸಬ" ಎಂಬ ಒಬ್ಬ ಶಿಷ್ಯನಂತೂ ಎರಡು ತಿಂಗಳಿಂದ ಗುರುಗಳೇ, ಗುರುಗಳೇ ಎಂದು ಬೆನ್ನು ಬಿದ್ದಿದ್ದ.

ಆ ಬೆಳಿಗ್ಗೆ ಹೊಸಬ ಬರೆದಿದ್ದ: "ಗುರುಗಳೇ, ನನ್ನ ಕೆಳಗೆ ಇಬ್ಬರು ಹುಡುಗರು. ಒಬ್ಬ ನಿಯತ್ತಿನವನು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾನೆ, ಸ್ವಂತ ಬುದ್ಧಿ ಮಾತ್ರ ಅಷ್ಟಕ್ಕಷ್ಟೆ. ಇನ್ನೊಬ್ಬನಿಗೆ ಹುಟ್ಟಿನಿಂದ ಬಂದ ಪ್ರತಿಭೆ, ಆದರೆ ಗಮನ ಎಲ್ಲೋ ಇರುತ್ತದೆ, ತನ್ನ ಬಗ್ಗೆ ತನಗೇ ಭಾರಿ ಅಭಿಪ್ರಾಯ. ಇರುವುದು ಒಂದೇ ಜಾಗ. ಮೇಲೆ ಯಾರನ್ನು ತರಲಿ?"

ಭಾವ ಬರೆಯತೊಡಗಿದ್ದಾಗಲೇ ಒಂದನೇ ಫೋನು ಹೊಡೆದುಕೊಂಡಿತು. ಯಾರೋ ಅಜ್ಜಿ, ಮೂರು ಮತ್ತು ನಾಲ್ಕನೇ ಮಹಡಿ ನಡುವೆ ಸಿಕ್ಕಿಹಾಕಿಕೊಂಡು ಅಳುತ್ತಿದ್ದಳು.

"ಅಳ್ಬೇಡಿ ಅಜ್ಜಿ, ನಾನಿದೀನಲ್ಲ. ಕೈಚೀಲದಲ್ಲಿ ಏನಿದೆ?"

"ಬಟಾಣಿ ಕಣಪ್ಪಾ..."

"ಸರಿ ಹೋಯ್ತು. ಅಲ್ಲೇ ಕೆಳಗೆ ಕೂತ್ಕೊಂಡು ಬಿಡಿಸ್ತಾ ಇರಿ. ಅರ್ಧ ಕೆಜಿ ಮುಗಿಯೋದ್ರೊಳಗೆ ನಮ್ಮವರು ಬಾಗಿಲು ತೆಗೀತಾರೆ. ಮನೆಗೆ ಹೋದ್ರೆ ಒಗ್ಗರಣೆ ಹಾಕೋದೊಂದೇ ಕೆಲಸ."

ಅಜ್ಜಿ ಮೂಗು ಸೇದಿ ನಕ್ಕಳು. ಭಾವ ಒಂದು ಕೈಯಲ್ಲಿ ರಿಸೀವರು ಹಿಡಿದು ಇನ್ನೊಂದು ಕೈಯಲ್ಲಿ ಉತ್ತರ ಮುಗಿಸಿದ: "ಎರಡನೇ ಮಾತಿಲ್ಲ, ಪ್ರತಿಭೆಯನ್ನೇ ಮೇಲೆ ತನ್ನಿ. ಜವಾಬ್ದಾರಿ ಬಿದ್ದರೆ ಗಮನ ತಾನೇ ಬರುತ್ತದೆ. ನಿಯತ್ತಿನವನು ಕೆಳಗೇ ಇರಲಿ. ಅಂಥವರು ಇದ್ದಾರೆಂದೇ ಕಿರಿಯರ ತಂಡಗಳು ನಡೆಯುತ್ತಿರುವುದು."

ಎರಡು ನಿಮಿಷ ಕಳೆದಿರಲಿಲ್ಲ. ಅವನ ಮೇಜಿನ ಪಕ್ಕದಲ್ಲಿದ್ದ, ಆಫೀಸಿಗೆಲ್ಲ ಒಂದೇ ಆದ ಪ್ರಿಂಟರು ಕೆಮ್ಮಿ ಕ್ಯಾಕರಿಸಿ ಒಂದು ಹಾಳೆ ಉಗುಳಿತು. ಭಾವ ಸುಮ್ಮನೆ ಕಣ್ಣಾಡಿಸಿದ. ಅದರಲ್ಲಿದ್ದದ್ದು ಅವನದೇ ಮಾತು: "ಎರಡನೇ ಮಾತಿಲ್ಲ, ಪ್ರತಿಭೆಯನ್ನೇ ಮೇಲೆ ತನ್ನಿ."

ಹಾಳೆ ಎತ್ತಿಕೊಳ್ಳಲು ಅಟೆಂಡರ್ ತಾತ ಬಂದ. "ಸಾಹೇಬ್ರದು. ಅವರಿಗೆ ಕಂಪ್ಯೂಟರ್‌ನಲ್ಲಿ ಓದಿದ್ದು ತಲೆಗೆ ಹತ್ತಲ್ಲ, ಎಲ್ಲಾ ಪ್ರಿಂಟ್ ಆಗ್ಬೇಕು. ಡಾಕ್ಟ್ರು ಕೂಗಾಡೋದು ಕಡಿಮೆ ಮಾಡಿ, ಏನಾದ್ರೂ ಆಟ ಆಡಿ ಅಂದ್ರಂತೆ. ಎರಡು ತಿಂಗಳಿಂದ ಅದೇನೋ ಆಟ, ಅದರಲ್ಲೊಬ್ರು ಗುರುಗಳು. ಅವರು ಹೇಳಿದ್ದನ್ನೆಲ್ಲ ತೂತು ಹೊಡೆದು ಫೈಲಿಗೆ ಹಾಕಿ ಇಟ್ಕೊಂಡಿದಾರೆ."

"ತಾತ, ಇದು ಆಟದ ಮಾತು ತಾನೇ?"

"ಅದೇನೋ ನನಗೇನು ಗೊತ್ತು? ಇವತ್ತು ನಾಲ್ಕು ಗಂಟೆಗೆ ಸೂಪರ್‌ವೈಸರ್ ಆರ್ಡರ್ ಹೊರಡ್ಬೇಕು. ಬೆಳಿಗ್ಗೆಯಿಂದ ಸಾಹೇಬ್ರು 'ಗುರುಗಳನ್ನ ಒಂದು ಮಾತು ಕೇಳ್ತೀನಿ, ಗುರುಗಳನ್ನ ಒಂದು ಮಾತು ಕೇಳ್ತೀನಿ' ಅಂತಾನೇ ಇದ್ರು."

ಭಾವ ಹೊಸಬನ ತಂಡವನ್ನು ತೆರೆದು ನೋಡಿದ. ಯಾರ ತಂಡವನ್ನು ಯಾರು ಬೇಕಾದರೂ ನೋಡಬಹುದಾದ ಆಟ ಅದು. ಹೊಸಬನ ದೊಡ್ಡ ತಂಡ ಭರ್ತಿಯಾಗಿತ್ತು, ಒಂದೇ ಒಂದು ಜಾಗವೂ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಮಹಡಿಯ ಮೇಲೆ, ಕಿಟಕಿ ಪಕ್ಕದ ಸೂಪರ್‌ವೈಸರ್ ಕುರ್ಚಿ. ಆ ಕುರ್ಚಿಗೆ ಸರದಿಯಲ್ಲಿದ್ದವರು ಇಬ್ಬರೇ: ಒಂದನೇ ಫೋನಿನ ಭಾವ ಮತ್ತು ಎರಡನೇ ಫೋನಿನ ಇಸ್ತ್ರಿ.

ಇಸ್ತ್ರಿ ಎಂಬುದು ಎರಡನೇ ಫೋನಿನವನಿಗೆ ಅವನ ಅಂಗಿ ತಂದುಕೊಟ್ಟ ಹೆಸರು. ಸಂಜೆಯಾದರೂ ಆ ಅಂಗಿಯಲ್ಲಿ ಒಂದು ಸುಕ್ಕು ಹುಡುಕಲಾಗುತ್ತಿರಲಿಲ್ಲ. ಲಿಫ್ಟಿನೊಳಗೆ ಯಾರು ಎಷ್ಟೇ ಕಿರುಚಲಿ, ಅವನು ಮುಂದಿಟ್ಟ ಕಾರ್ಡು ನೋಡಿ "ಗಾಬರಿಯಾಗಬೇಡಿ, ನಿಮ್ಮ ದೂರು ನಮಗೆ ಮುಖ್ಯ" ಎಂದು ಜೇನು ಸುರಿಸುತ್ತಿದ್ದ.

'ತನ್ನ ಬಗ್ಗೆ ತನಗೇ ಭಾರಿ ಅಭಿಪ್ರಾಯ. ಇವನಲ್ಲದೆ ಇನ್ಯಾರು?' ಎಂದುಕೊಂಡ ಭಾವ. ನಿಯತ್ತಿನವನು ಯಾರೆಂದು ಯೋಚಿಸಬೇಕಾದ್ದೇ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಭಾವ ಒಂದು ದಿನ ರಜೆ ಹಾಕಿದವನಲ್ಲ. ಆಫೀಸಿನ ಇಂಟರ್ನೆಟ್ಟು ಮನೆಯದಕ್ಕಿಂತ ಚುರುಕಾಗಿತ್ತು ಎಂಬುದು ಬೇರೆ ವಿಷಯ. 'ಸ್ವಂತ ಬುದ್ಧಿ ಅಷ್ಟಕ್ಕಷ್ಟೆ' ಎಂಬ ಮಾತು ಸ್ವಲ್ಪ ಚುಚ್ಚಿತು. ಸಾಹೇಬರಿಗೆ ಜನರನ್ನು ಅಳೆಯಲು ಬರುವುದಿಲ್ಲ ಎಂದು ಕ್ಷಮಿಸಿಬಿಟ್ಟ.

ಅಂದರೆ ತನ್ನ ಕುತ್ತಿಗೆಯನ್ನು ತಾನೇ ಕೊಯ್ದುಕೊಂಡ ಹಾಗಾಯಿತು! ಅದೇ ಹೊತ್ತಿಗೆ ಹೆಂಡತಿಯ ಕರೆ.

"ಏನಾಯ್ತು? ಆರ್ಡರ್ ಬಂತಾ?"

"ನಾಲ್ಕು ಗಂಟೆಗೆ ಕಣೇ."

"ನಮ್ಮಮ್ಮನಿಗೆ ಹೇಳಿಯಾಯ್ತು. ಎದುರು ಮನೆಯವರಿಗೂ ಹೇಳಿಯಾಯ್ತು. ಒಂಬತ್ತು ವರ್ಷ ಅದೇ ಮುರುಕು ಕುರ್ಚಿ! ಈ ಸಲ ಆಗ್ಲಿಲ್ಲ ಅಂದ್ರೆ ನಾನೇ ಬಂದು ನಿಮ್ಮ ಸಾಹೇಬ್ರ ಮುಂದೆ ಕೂತ್ಕೋತೀನಿ."

ಅವಳು ಕೂತಳೆಂದರೆ ಏಳುವವಳಲ್ಲ. ಅದಕ್ಕಿಂತ ಹೆಚ್ಚಾಗಿ, ಭಾವನಿಗೂ ಆ ಕುರ್ಚಿ ನಿಜವಾಗಿಯೂ ಬೇಕಿತ್ತು. ತನಗಿಂತ ತಡವಾಗಿ ಸೇರಿದವರೆಲ್ಲ ಮಹಡಿ ಹತ್ತಿಹೋದಾಗ ಅವನು ನಗುನಗುತ್ತಾ ಕೈಕುಲುಕಿದ್ದ, ಆಮೇಲೆ ಸ್ಟೋರಿನ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದ. ಅದು ಭಾಮೈದನಿಗೆ ಮಾತ್ರ ಗೊತ್ತಿತ್ತು.

ಆ ಸ್ಟೋರಿಗೇ ಓಡಿದ. ಭಾಮೈದ ಕತೆ ಕೇಳಿ ಗ್ರೀಸು ಕೈಯಲ್ಲೇ ಹಣೆ ಬಡಿದುಕೊಂಡ. "ಇಷ್ಟೇ ತಾನೇ ಭಾವಾ? ಮಾತು ತಿರುಗಿಸಿ ಬರೀರಿ. ಗುರು ಅಂದ್ಮೇಲೆ ಏನು ಹೇಳಿದ್ರೂ ನಡೆಯುತ್ತೆ."

ಇಬ್ಬರೂ ತಂತಿ ಸುರುಳಿಯ ಮೇಲೆ ಕೂತು ಬರೆದರು: "ರಾತ್ರಿ ಕನಸಿನಲ್ಲಿ ನನಗೆ ತಪ್ಪು ತಿಳಿಯಿತು. ನಿಯತ್ತಿನವನನ್ನೇ ಮೇಲೆ ತನ್ನಿ."

"ಹಗಲು ಹನ್ನೊಂದಕ್ಕೆ ಯಾವ ರಾತ್ರಿ ಭಾವಾ?"

'ರಾತ್ರಿ ಕನಸಿನಲ್ಲಿ' ಎಂಬುದನ್ನು ತೆಗೆದು 'ಧ್ಯಾನದಲ್ಲಿ' ಎಂದು ಹಾಕಿ ಕಳಿಸಿದರು.

ಹನ್ನೊಂದೂವರೆಗೆ ಪ್ರಿಂಟರು ಮತ್ತೆ ಕೆಮ್ಮಿತು. ಅರ್ಧ ಹಾಳೆ ಹೊರಗೆ ಬಂದು ಸಿಕ್ಕಿಕೊಂಡಿತು. ಇಸ್ತ್ರಿ ಎದ್ದು ಬಂದು "ನಾನು ತೆಗೀತೀನಿ ಬಿಡಿ ಭಾವ" ಎಂದು ತೋಳು ಮಡಚಿದ. ಅವನು ಓದಿಬಿಟ್ಟರೆ ಗತಿಯೇನು? "ಮುಟ್ಬೇಡಿ! ಶಾಕ್ ಹೊಡೆಯುತ್ತೆ!" ಎಂದು ಭಾವ ಪ್ರಿಂಟರಿನ ಮೇಲೆ ಮಗುಚಿಬಿದ್ದು ಹಾಳೆ ಕಿತ್ತ. ಅಂಗಿಯ ಮೇಲೆಲ್ಲ ಮಸಿ. ಇಸ್ತ್ರಿ ತನ್ನ ಕರವಸ್ತ್ರ ಕೊಟ್ಟ. ಅದಕ್ಕೂ ಒಂದು ಸುಕ್ಕಿಲ್ಲದಂತೆ ಇಸ್ತ್ರಿ ಮಾಡಲಾಗಿತ್ತು.

ತಾತ ಹಾಳೆಯನ್ನು ಮೇಲಕ್ಕೆ ಒಯ್ದ. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಓದಿ, ಇಳಿಯುವಾಗ ಕಂಡಕಂಡವರಿಗೆಲ್ಲ ಹೇಳಿದ: "ಗುರುಗಳು ಪ್ಲೇಟು ತಿರುಗಿಸಿದಾರೆ. ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದಾರೆ."

ಊಟದ ಹೊತ್ತಿಗೆ ಹೊಸಬನ ಪತ್ರ ಬಂತು: "ಗುರುಗಳೇ, ಗೊಂದಲವಾಗಿದೆ. ಬೆಳಿಗ್ಗೆ ನೀವು ಹೇಳಿದ್ದು ಮನಸ್ಸಿಗೆ ಒಪ್ಪಿತ್ತು. ಪ್ರತಿಭೆಯ ಹುಡುಗನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಅವನನ್ನು ಯಾಕೆ ಬಿಡಬೇಕು?"

'ಪ್ರೀತಿಯಂತೆ!' ಭಾವನಿಗೆ ಮೈಯೆಲ್ಲ ಉರಿಯಿತು. ಬುತ್ತಿಯನ್ನು ಬದಿಗೆ ತಳ್ಳಿ ಬರೆಯಲು ಕೂತ. ನಡುವೆ ಫೋನು ಬಂತು. ಎಂಟನೇ ಮಹಡಿಯಲ್ಲಿ ಬಾಗಿಲು ಮುಚ್ಚುತ್ತಿಲ್ಲ ಎಂದರೆ "ಪ್ರೀತಿ ಮಾಡಿದ್ದು ನಿಮ್ಮ ತಪ್ಪು" ಎಂದು ಇಟ್ಟುಬಿಟ್ಟ. ಇನ್ನೊಂದು ಬಂತು. "ಕೆಳಗೇ ಇರಿ, ಮೇಲೆ ಬಂದು ಏನು ಮಾಡ್ತೀರಿ?" ಎಂದ. ಪಾಪ, ಅವರು ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡವರು.

ಎರಡು ಗಂಟೆಗೆ ಪತ್ರ ಸಿದ್ಧವಾಯಿತು. ಅದರಲ್ಲಿ ನಿಯತ್ತಿನವನ ಗುಣಗಾನ ಒಂದು ಪುಟ: ಅವನ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೂತ ಜಾಗ ಬಿಟ್ಟು ಕದಲದವನು, ಅಂಥವನಿಗೆ ಅನ್ಯಾಯ ಮಾಡಿದ ಮ್ಯಾನೇಜರು ಉದ್ಧಾರವಾದದ್ದಿಲ್ಲ. ಭಾಮೈದ ಓದಿ ಮೆಚ್ಚಿದ. "ಸಾಲದು ಭಾವಾ. ಆ ಇನ್ನೊಬ್ಬ ಮುಂದಿನ ಸಲವೂ ತಲೆ ಎತ್ತಬಾರ್ದು, ಹಾಗೆ ಹಾಕಿ."

ಭಾವ ಹಾಕಿದ: "ಪ್ರತಿಭೆಯವನು ಕೆಳಗೇ ಬೇಯಲಿ. ಕೆಲಸ ದುಪ್ಪಟ್ಟು ಮಾಡಿ. ಶನಿವಾರವೂ ಬರಹೇಳಿ. ಕೈಯಲ್ಲಿ ಆಟದ ಸಾಮಾನು ಏನಿದ್ದರೂ ಕಿತ್ತಿಡಿ. ಎರಡು ವರ್ಷ ಅತ್ತರೂ ಕರಗಬೇಡಿ. ಒಂದು ದಿನ ನಿಮಗೆ ಕೈ ಮುಗಿಯುತ್ತಾನೆ."

ಬರೆದು ಮುಗಿಸಿ ಪಕ್ಕಕ್ಕೆ ನೋಡಿದ. ಇಸ್ತ್ರಿ ಕಾರ್ಡು ಹಿಡಿದು ಯಾರನ್ನೋ ಸಮಾಧಾನ ಮಾಡುತ್ತಿದ್ದ. ಒಂದು ಕ್ಷಣ ಭಾವನಿಗೆ ಪಾಪ ಅನ್ನಿಸಿತು. ಆ ಕ್ಷಣ ಕಳೆಯಲಿ ಎಂದು ಕಾದು, ಆಮೇಲೆ ಕಳಿಸಿದ.

ಪ್ರಿಂಟರು ಈ ಸಲ ತಡೆಯಿಲ್ಲದೆ ಎರಡು ಹಾಳೆ ಕೊಟ್ಟಿತು. ಮೂರೂವರೆಗೆ ಹೊಸಬನಿಂದ ಒಂದೇ ಸಾಲು ಬಂತು: "ಕಣ್ಣು ತೆರೆಯಿತು, ಗುರುಗಳೇ. ಹಾಗೇ ಮಾಡುತ್ತೇನೆ."

ಭಾವ ಮುಖ ತೊಳೆದು, ಮಸಿಯ ಅಂಗಿಯ ಮೇಲೆ ಭಾಮೈದನ ಕೋಟು ಏರಿಸಿ, ನಾಲ್ಕಕ್ಕೆ ಕರೆ ಬಂದಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಹಿಂದೆ ಇಸ್ತ್ರಿ ಒಂದೊಂದಾಗಿ ಹತ್ತಿ ಬಂದ.

ಸಾಹೇಬರು ಕವರು ಎತ್ತಿದರು. ಭಾವ ಕೈ ಚಾಚಿದ. ಕವರು ಅವನ ಕೈಯನ್ನು ದಾಟಿಕೊಂಡು ಇಸ್ತ್ರಿಯ ಕೈಗೆ ಹೋಯಿತು.

"ನಿಮ್ಮ ನಿಯತ್ತಿಗೆ ಸಿಕ್ಕಿದ್ದು ಕಣ್ರೀ. ನಾಳೆಯಿಂದ ಮೇಲೆ ಬಂದುಬಿಡಿ" ಎಂದರು ಸಾಹೇಬರು. ಇಸ್ತ್ರಿ ಕಣ್ಣು ತುಂಬಿಕೊಂಡು, ಏನು ಹೇಳಬೇಕೆಂದು ಕಾರ್ಡಿನಲ್ಲಿ ಇಲ್ಲದ್ದರಿಂದ ಬರೀ ತಲೆ ಬಾಗಿಸಿ ಹೊರಟುಹೋದ.

ಭಾವ ಚಾಚಿದ ಕೈ ಇನ್ನೂ ಹಾಗೇ ಇತ್ತು. "ಸಾರ್... ನಿಯತ್ತಿನವನು... ಅವರಾ?"

"ಮತ್ತೆ ನೀವಾ?" ಸಾಹೇಬರು ಬೇಸರದಲ್ಲೇ ನಕ್ಕರು. "ಕೂತ್ಕೊಳ್ಳಿ. ನಿಮ್ಮ ಹತ್ರ ಮುಚ್ಚಿಡೋದೇನು. ನಿಜವಾದ ಪ್ರತಿಭೆ ನೀವು ಕಣ್ರೀ. ಅಳ್ತಾ ಇರೋ ಅಜ್ಜಿ ಕೈಲಿ ಬಟಾಣಿ ಬಿಡಿಸ್ತೀರಿ! ಯಾವ ಕಾರ್ಡಲ್ಲಿದೆ ಅದು? ಆಕೆ ಈಗ ತಾನೇ ಫೋನ್ ಮಾಡಿ ಹೊಗಳಿದ್ರು. ಆದ್ರೆ ಗಮನ ಸದಾ ಮೊಬೈಲಲ್ಲಿ. ಆಮೇಲೆ ನಿಮ್ಮ ಬಗ್ಗೆ ನಿಮಗೇ ಒಂದು ಇದು. ಆದ್ರೂ ಬೆಳಿಗ್ಗೆ ನಿಮ್ಮ ಹೆಸರಲ್ಲೇ ಆರ್ಡರ್ ಟೈಪ್ ಮಾಡಿಸಿದ್ದೆ, ನೋಡಿ." ಬುಟ್ಟಿಯಿಂದ ಹರಿದ ಎರಡು ತುಂಡು ಎತ್ತಿ ಜೋಡಿಸಿ ತೋರಿಸಿದರು. "ನನಗೊಬ್ರು ಗುರುಗಳಿದಾರೆ. ಅವರೂ ಮೊದಲು ನಿಮ್ಮನ್ನೇ ತರಬೇಕು ಅಂದ್ರು. ಆಮೇಲೆ ಧ್ಯಾನದಲ್ಲಿ ನಿಮ್ಮ ಹಣೆಬರಹ ಕಾಣಿಸ್ತಂತೆ."

ಭಾವನ ಬಾಯಿ ತೆರೆಯಿತು. ಆ ಗುರು ನಾನೇ ಸಾರ್ ಎಂದರೆ ಆಫೀಸಿನ ಹೊತ್ತಿನಲ್ಲಿ ದಿನವಿಡೀ ಪತ್ರ ಬರೆದದ್ದನ್ನು ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿತು.

"ನಾಳೆಯಿಂದ ಎರಡು ಫೋನೂ ನೀವೇ ನೋಡ್ಕೊಳ್ಳಿ. ಶನಿವಾರವೂ ಬರ್ಬೇಕು. ಆಟದಲ್ಲಿ ಶನಿವಾರ ಅನ್ನೋದೇ ಇಲ್ಲ, ಆದ್ರೂ ಬರೆದಿದಾರೆ ಅಂದ್ರೆ ಅವರ ದೃಷ್ಟಿ ಎಂಥದ್ದಿರ್ಬೇಕು! ಮೊಬೈಲ್ ಕೊಡಿ ಇಲ್ಲಿ. ಸಂಜೆ ಹೋಗುವಾಗ ತಗೊಳ್ಳಿ."

ಮೊಬೈಲು ಡ್ರಾಯರಿಗೆ ಹೋಯಿತು. ಬೀಗ ಬಿತ್ತು. ಸಾಹೇಬರು ಕಂಪ್ಯೂಟರಿನತ್ತ ತಿರುಗಿ, ಗುರುಗಳಿಗೆ ಕೃತಜ್ಞತೆ ಬರೆದು ಕಳಿಸಿದರು. ಡ್ರಾಯರಿನೊಳಗೆ ಟಿಂಗ್ ಎಂದಿತು.

"ನೋಡಿದ್ರಾ? ಒಂದು ನಿಮಿಷ ಸುಮ್ಮನಿರಲ್ಲ ನಿಮ್ಮದು!" ಎಂದು ಗದರಿ ಇನ್ನೊಂದು ಸಾಲು ಕಳಿಸಿದರು. ಮತ್ತೆ ಟಿಂಗ್. ಸಾಹೇಬರು ಉತ್ತರಕ್ಕೆ ಸ್ವಲ್ಪ ಹೊತ್ತು ಕಾದರು. ಮುಖ ಸಣ್ಣದಾಯಿತು.

"ಯಾವಾಗ ಬರೆದ್ರೂ ತಕ್ಷಣ ಉತ್ತರ ಕೊಡೋರು. ಇವತ್ತು ಯಾಕೋ ಇಲ್ಲ."

"ಕೆಲಸ ಜಾಸ್ತಿ ಆಗಿರ್ಬೇಕು ಸಾರ್" ಎಂದು ಭಾವ ಎದ್ದ.

ಕೆಳಗೆ ಎರಡೂ ಫೋನುಗಳು ಒಟ್ಟಿಗೇ ಹೊಡೆದುಕೊಳ್ಳುತ್ತಿದ್ದವು.