ನಮ್ಮ ಮಾವ, ನನ್ನ ಮ್ಯಾನೇಜರು

ನನ್ನ ಬರಹಗಳಿಗೆ ಇಡೀ ಕರ್ನಾಟಕದಲ್ಲಿ ಒಬ್ಬರೇ ಒಬ್ಬರು ಕಟ್ಟಾ ಅಭಿಮಾನಿ ಇದ್ದಾರೆ. ಅವರು ಕಂಪ್ಲಿಯ ನನ್ನ ಸೋದರಮಾವ. ಒಂದೇ ಒಂದು ತೊಂದರೆಯೆಂದರೆ, ಅವರು ಇದುವರೆಗೆ ನನ್ನ ಒಂದು ಬರಹವನ್ನೂ ಓದಿಲ್ಲ!

"ಓದೋದ್ಯಾಕವಾ? ಜಿಂದಗಿಪೂರ್ತಿ ರೈಸ್ ಮಿಲ್ ನಡೆಸೀನಿ. ಅಕ್ಕಿ ಚಲೋ ಐತೋ ಇಲ್ಲೋ ಅಂತ ಹೇಳಾಕ ಉಂಡು ನೋಡಬೇಕೇನು? ಕೈಯಾಗ ಹಿಡಿದ್ರ ಸಾಕು" ಎನ್ನುತ್ತ ನನ್ನ ಹಾಳೆಗಳನ್ನು ಅಂಗೈಯಲ್ಲಿಟ್ಟು ತೂಗುತ್ತಾರೆ. ಕಟ್ಟು ದಪ್ಪಗಿದ್ದರೆ "ಮಸ್ತ್ ಐತಿ!" ತೆಳ್ಳಗಿದ್ದರೆ "ಇನ್ನೊಂದೀಟು ಹಾಕು." ಇಂಥ ವಿಮರ್ಶಕರು ಎಷ್ಟು ಜನರಿಗೆ ಸಿಕ್ಕಾರು?

ಹೊಸಪೇಟೆಯ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ಕೆಲಸ ಬಿಟ್ಟು, ಇನ್ನು ಮನೆಯಲ್ಲೇ ಕುಳಿತು ಪತ್ರಿಕೆಗಳಿಗೆ, ಕಂಪನಿಗಳಿಗೆ ಬರೆದುಕೊಡುತ್ತೇನೆ ಎಂದಾಗ ಅಮ್ಮ ಮೂರು ದಿನ ಮಾತು ಬಿಟ್ಟಳು. ಮಾವ ಮಾತ್ರ ಮರುದಿನವೇ ಮೊದಲ ಬಸ್ಸಿಗೆ ಬಂದಿಳಿದರು. ಮಿಲ್ಲನ್ನು ಮಗನಿಗೆ ಒಪ್ಪಿಸಿದ ಮೇಲೆ ಅವರಿಗೆ ಕೈಕಾಲು ಸುಮ್ಮನಿರುತ್ತಿರಲಿಲ್ಲ. "ನಿನಗೊಬ್ಬ ಮ್ಯಾನೇಜರ್ ಬೇಕು. ಬ್ಯಾರೆ ಯಾರೂ ಬ್ಯಾಡ, ನಾನಾ ಅದೀನಿ" ಎಂದು ತಮ್ಮನ್ನು ತಾವೇ ನೇಮಿಸಿಕೊಂಡರು.

ಬರೆಯುವುದೇನೋ ಸುಲಭ. ಕಳಿಸಿದ ಮೇಲೆ ಕಾಯುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ! ರೊಟ್ಟಿ ತಟ್ಟುತ್ತ ಮೇಲ್ ನೋಡುತ್ತಿದ್ದೆ, ರೊಟ್ಟಿ ಸುಡುತ್ತಿತ್ತು. ಅಂಗಳ ಗುಡಿಸುತ್ತ ಮೇಲ್ ನೋಡುತ್ತಿದ್ದೆ, ಕಸ ಅಲ್ಲೇ ಉಳಿಯುತ್ತಿತ್ತು. ಮಾವ ಊರಿನಲ್ಲಿದ್ದರೆ ಗಂಟೆಗೊಮ್ಮೆ "ಬಂತೇನವಾ?" ಎಂದು ಫೋನು. ನಮ್ಮ ಮನೆಯಲ್ಲಿದ್ದರೆ ಹಿತ್ತಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ ನಡೆದದ್ದೇ ನಡೆದದ್ದು. "ಇಬ್ಬರೂ ಒಂದು ಕಡೆ ಕುಂದ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರುಗಾಕತ್ತೈತಿ!" ಎಂದು ಅಮ್ಮ ಗದರುತ್ತಿದ್ದಳು.

ಕೊನೆಗೆ ಒಂದು ವಾರಪತ್ರಿಕೆಯಿಂದ ಉತ್ತರ ಬಂತು. 'ಬರಹ ಚೆನ್ನಾಗಿದೆ. ಆದರೆ ಸ್ಥಳಾವಕಾಶವಿಲ್ಲ.' ನಾನು ಮುಸುಕು ಹೊದ್ದು ಮಲಗಿದೆ. ಮಾವ ಎಲ್ಲಿಂದಲೋ ನಂಬರು ಹುಡುಕಿ ಪತ್ರಿಕೆಯ ಕಚೇರಿಗೇ ಫೋನ್ ಮಾಡಿದರು.

"ನಮಸ್ಕಾರ್ರಿ. ನಮ್ಮ ಹುಡುಗಿ ಬರದಿದ್ದಕ್ಕ ಜಾಗ ಇಲ್ಲ ಅಂದ್ರಂತ. ನಮ್ಮ ಮಿಲ್ಲಿನ ಗೋಡೌನ್ ಖಾಲಿ ಐತ್ರಿ. ಸದ್ಯಕ್ಕ ಅಲ್ಲಿ ಇಟ್ಕೋರ್ರಿ, ಹೆಂಗ?"

ಆಮೇಲೆ ಆ ಪತ್ರಿಕೆಗೆ ನಾನು ಕಳಿಸಿದ ಎರಡು ಬರಹಗಳೂ ಕಳಿಸಿದ ದಿನವೇ ವಾಪಸಾದವು. ಇಷ್ಟು ಜಲ್ದಿ ಉತ್ತರ ಬರೆಯುವ ಸಂಪಾದಕರು ಎಲ್ಲಿದ್ದಾರೆ ಹೇಳಿ!

"ಪತ್ರಿಕಿ ಬಿಡು, ಬಿಸಿನೆಸ್ ಹಿಡಿಯೋಣು" ಎಂದ ಮಾವ, ಕಮಲಾಪುರದಲ್ಲಿ ಬಾಳೆತೋಟದ ನಡುವೆ ಹೋಂಸ್ಟೇ ತೆರೆದಿದ್ದ ತಮ್ಮ ಪರಿಚಯದವರೊಬ್ಬರನ್ನು ಹಿಡಿದು ತಂದರು. ಹಂಪಿಗೆ ಬರುವವರನ್ನು ಸೆಳೆಯುವಂತೆ ಬರೆದುಕೊಡಬೇಕಿತ್ತು. ಬಂಡೆಗಳ ಮೇಲೆ ಬೆಳಗಾಗುವ ಬಗೆಯನ್ನು ಎರಡು ಪುಟ ತುಂಬ ಬರೆದೆ. ಮಾಲೀಕರು ಓದಿ ತಲೆ ಕೆರೆದುಕೊಂಡರು.

"ಭಾಳ ಚಂದ ಬರದೀರಿ ಅಕ್ಕಾರ. ಆದ್ರ ನಮ್ಮ ಬೋರ್ಡ್ ಸಣ್ಣದೈತ್ರಿ."

ಒಂದು ವಾರದ ಬಳಿಕ ಮಾವನೂ ನಾನೂ ಹೋಗಿ ನೋಡಿದೆವು. ಬೋರ್ಡಿನ ಮೇಲೆ 'ಬಿಸಿನೀರು ಇದೆ' ಎಂದಷ್ಟೇ ಇತ್ತು.

"ಇದರಾಗ ನಿಂದು ಯಾವುದವಾ?"

"'ಇದೆ' ಅನ್ನೋದು ನಂದು ಮಾವಾ. ಅವರು 'ಐತಿ' ಅಂತ ಬರಸಿದ್ರು, ನಾನು ತಿದ್ದಿದೆ."

ನಮ್ಮ ಹುಡುಗಿ ಬರೆದದ್ದನ್ನು ಹಂಪಿಗೆ ಬಂದ ಫಾರಿನ್ನಿನವರು ನಿಂತು ನೋಡುತ್ತಾರೆಂದು ಮಾವ ಆ ವಾರ ಕಂಪ್ಲಿಯಲ್ಲೆಲ್ಲ ಸಾರಿದರು!

ನಾನು ಮಾತ್ರ ಸೋತಿದ್ದೆ. ಸಂಡೂರಿನ ಗಣಿ ಆಫೀಸೊಂದರಲ್ಲಿ ಗುಮಾಸ್ತೆ ಕೆಲಸವಿದೆಯೆಂದು ಗೆಳತಿ ಹೇಳಿದಾಗ ಸಂದರ್ಶನಕ್ಕೆ ಹೊರಟುಬಿಟ್ಟೆ. ಬೇಡವೆಂದರೂ ಮಾವ ಜೊತೆಗೆ ಬಂದರು. ಒಳಗೆ ಆಫೀಸಿನವರು ಟೈಪಿಂಗ್ ಬರುತ್ತದೆಯೇ ಎಂದು ಕೇಳಿ, ಸೋಮವಾರದಿಂದ ಬನ್ನಿ ಎಂದರು. ಹೊರಗೆ ಬೇವಿನ ಮರದ ಸುತ್ತ ಶತಪಥ ಹಾಕುತ್ತಿದ್ದ ಮಾವನ ಬಿಳಿ ಪಂಚೆ ಗಣಿಯ ಧೂಳಿಗೆ ಮೊಣಕಾಲಿನವರೆಗೆ ಕೆಂಪಗಾಗಿತ್ತು.

"ಸಿಕ್ತೇನು?"

"ಸಿಕ್ತು."

ಮಾವ ಬಗ್ಗಿ ಪಂಚೆಯ ಧೂಳು ಕೊಡವಿದರು. ಆಮೇಲೆ ಮೆಲ್ಲಗೆ, "ಸೋಮವಾರಕ್ಕ ಇನ್ನಾ ನಾಕು ದಿನ ಐತಿ. ನಾಳೆ ಮೆಟ್ರಿಗೆ ಹೋಗಿ ಬರೋಣು. ಒಂದು ಕೆಲಸ ಒಪ್ಪಿಕೊಂಡುಬಿಟ್ಟೀನಿ" ಎಂದರು.

ಕಂಪ್ಲಿಯ ಹತ್ತಿರದ ಹಳ್ಳಿ ಮೆಟ್ರಿಯಲ್ಲಿ ಮಾವನ ಗೆಳೆಯರೊಬ್ಬರು, ವಯಸ್ಸಾದ ರೈತರು, ತಮ್ಮ ಶ್ರದ್ಧಾಂಜಲಿಯನ್ನು ತಾವೇ ಬರೆಸಲು ಕಾದಿದ್ದರು! ಗಟ್ಟಿಮುಟ್ಟಾಗಿ ಎಲೆಅಡಿಕೆ ಜಗಿಯುತ್ತ ಕೂತಿದ್ದರು.

"ನಾ ಹೋದಮ್ಯಾಗ ಮಕ್ಕಳು 'ಸರಳ ಸಜ್ಜನ' ಅಂತ ಹಾಕಿಸ್ತಾರ. ನಾ ಎಂದ ಸರಳ ಇದ್ದೆ?"

"ಅದು ಖರೆ!" ಎಂದರು ಒಳಗಿನಿಂದ ಅವರ ಹೆಂಡತಿ.

"ಕಾಲುವಿ ನೀರಿಗೆ ಜಗಳಾಡಿದ್ದು ಬರಿಯವಾ."

"ಸೋತು ಬಂದಿದ್ದೂ ಬರಿಯವಾ!"

ಮಧ್ಯಾಹ್ನದವರೆಗೆ ಇಬ್ಬರ ಮಾತನ್ನೂ ಬರೆದು, ಓದಿ ಹೇಳಿದೆ. 'ಗದ್ದೆಯಿಂದ ಎಷ್ಟು ಹೊತ್ತಾಗಿ ಬಂದರೂ ಅವರು ತಣ್ಣನೆಯ ರೊಟ್ಟಿ ತಿಂದವರಲ್ಲ. ಅವರು ಬರುವವರೆಗೂ ಆಕೆ ಒಲೆ ಆರಲು ಬಿಡುತ್ತಿರಲಿಲ್ಲ' ಎಂಬಲ್ಲಿಗೆ ಬಂದಾಗ ಅಜ್ಜ ಜಗಿಯುವುದನ್ನು ನಿಲ್ಲಿಸಿದರು. ಅಜ್ಜಿ ಒದ್ದೆ ಕೈಯಲ್ಲೇ ಹೊರಗೆ ಬಂದು ಹೊಸ್ತಿಲ ಮೇಲೆ ಕೂತರು.

"ಅದನ್ನ ಇನ್ನೊಮ್ಮಿ ಓದವಾ" ಎಂದರು.

ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಈ ಸಲ ಇನ್ನೂ ನಿಧಾನವಾಗಿ ಓದಿದೆ.

ವಾಪಸು ಬರುವ ಬಸ್ಸಿನಲ್ಲಿ ಮಾವ, "ನಂದೂ ನೀನಾ ಬರೀಬೇಕು" ಎಂದರು.

"ಬಿಡ್ತು ಅನ್ರಿ ಮಾವಾ!"

"ಈಗಲ್ಲ ಲೇ. ನಿಮ್ಮತ್ತಿ ಇದ್ದಿದ್ರ ಹೇಳ್ತಿದ್ಲು ನಾ ಹೆಂಗಿದ್ದೆ ಅಂತ. ಆಕಿ ಹೋದ್ಲು. ಮಗನಿಗೆ ಚೀಲದ ಮ್ಯಾಲೆ ನಂಬರ್ ಬರಿಯೋದು ಬಿಟ್ರ ಬ್ಯಾರೆ ಬರೋದಿಲ್ಲ. ಇನ್ನ ಉಳಿದಾಕಿ ನೀನಾ. ಸಂಡೂರಾಗ ಕುಂತು ನಿನಗ ಬರಿಯೋದು ಮರ್ತು ಹೋದ್ರ..."

ಬಸ್ಸು ಕಂಪ್ಲಿ ಮುಟ್ಟುವ ಮೊದಲೇ ನಾನು ಸಂಡೂರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ.

"ಅಷ್ಟು ಚಲೋ ಬರಿಯಾಕ ನನಗ ಇನ್ನಾ ಭಾಳ ವರ್ಷ ಬೇಕು ಮಾವಾ" ಎಂದೆ.

"ತಗೋ ತಗೋ, ನನಗೇನು ಅವಸರ ಇಲ್ಲ" ಎಂದು ಮಾವ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡರು.