ಕೆಂಪು ಹೆಲ್ಮೆಟ್ಟಿನೊಳಗೆ ನನ್ನ ಧ್ವನಿ

ಹೆಂಡತಿಯನ್ನು ಡ್ರೈವಿಂಗ್ ಪರೀಕ್ಷೆಯಲ್ಲಿ ಪಾಸು ಮಾಡಿಸುವವರೆಗೂ ನಾನು ಸುಮ್ಮನೆ ಕೂರುವುದಿಲ್ಲ ಎಂದು ಶಪಥ ಮಾಡಿದೆ! ಸುಮ್ಮನೆ ಕೂರುವುದು ನನ್ನ ಜಾಯಮಾನವೂ ಅಲ್ಲ, ನನ್ನ ಕಸುಬೂ ಅಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಸಾರುವವನು ನಾನು. ದಿನಕ್ಕೆ ನಾನೂರು ಬಸ್ಸು ನನ್ನ ಮಾತಿಗೆ ಅಲ್ಲಾಡುತ್ತವೆ. ಅಂಥವನ ಹೆಂಡತಿ ಒಂದು ಮೋಟಾರ್‌ಬೈಕನ್ನು ಎಂಟರ ಆಕಾರದಲ್ಲಿ ಸುತ್ತಲಾರಳೇ?

ಎರಡು ಸಲ ಸುತ್ತಲಾರದೆ ಬಂದಿದ್ದಳು. ನಿಜ ಹೇಳಿಬಿಡುತ್ತೇನೆ, ಎರಡು ಸಲವೂ ಕಾರಣ ನಾನೇ. ಮೊದಲನೇ ಸಲ ಮೈದಾನದ ಅಂಚಿನಲ್ಲಿ ನಿಂತು "ಎಡಕ್ಕೇ!" ಎಂದು ಕೂಗಿದೆ. ಅವಳು ಬೆಚ್ಚಿ ನನ್ನ ಕಡೆ ನೋಡಿದಳು, ಗಾಡಿಯೂ ನನ್ನ ಕಡೆಗೇ ಬಂತು. ಎರಡನೇ ಸಲ ಕೂಗುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ಕೈಸನ್ನೆ ಮಾಡಿದೆ. ಅದನ್ನು ನೋಡಿ ಅವಳೂ ಕಾಲು ಊರಿದಳು, ಅವಳ ಹಿಂದಿದ್ದವನೂ ಕಾಲು ಊರಿದ. ನೆಲಕ್ಕೆ ಕಾಲು ತಾಗಿದರೆ ಫೇಲು. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ನನ್ನನ್ನು ಗೇಟಿನಾಚೆ ಕಳಿಸಿ, "ಇನ್ನೊಂದು ಸಲ ಈ ಮನುಷ್ಯ ಒಳಗೆ ಕಾಣಿಸಿದರೆ ನೋಡಿ!" ಎಂದು ಅವಳಿಗೆ ಎಚ್ಚರಿಕೆ ಕೊಟ್ಟರು.

ಇದು ಆಟದ ಮಾತಲ್ಲ. ಅವಳಿಗೆ ಹೊಸ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ರೋಗಿಗಳ ಮನೆಗೇ ಹೋಗಿ ರಕ್ತದ ಸ್ಯಾಂಪಲ್ ತರುವುದು. ಬೈಕು ಲ್ಯಾಬಿನವರದೇ, ಲೈಸೆನ್ಸು ಮಾತ್ರ ಅವಳದಿರಬೇಕು, ಅದೂ ಸೋಮವಾರದೊಳಗೆ. ಶುಕ್ರವಾರ ಮೂರನೇ ಪರೀಕ್ಷೆ. ಎಂಟು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತು ಕತ್ತು ನೋಯಿಸಿಕೊಂಡವಳು ಈ ಕೆಲಸಕ್ಕೆ ಎಷ್ಟು ಆಸೆಪಟ್ಟಿದ್ದಳು ಎಂದು ನನಗೆ ಗೊತ್ತಿತ್ತು.

ಆಗ ಹೊಳೆಯಿತು, ಹೆಲ್ಮೆಟ್ಟಿಗೆ ಹಾಕುವ ಬ್ಲೂಟೂತ್! ಸಾಹೇಬರು ನನ್ನನ್ನು ಗೇಟಿನಾಚೆ ಕಳಿಸಬಹುದು, ನನ್ನ ಧ್ವನಿಯನ್ನು ಕಳಿಸಬಲ್ಲರೇ?

"ಬೇಡ ರೀ. ನಾನೇ ಓಡಿಸ್ತೀನಿ" ಎಂದಳು ಹೆಂಡತಿ.

"ಓಡಿಸೋಳು ನೀನೇ ಕಣೇ. ನಾನು ಬರೀ ಧೈರ್ಯ ಹೇಳ್ತೀನಿ."

"ನೀವು ಧೈರ್ಯ ಹೇಳಿದಾಗಲೇ ನಂಗೆ ಭಯ ಆಗೋದು."

ಇಂಥ ಮಾತಿಗೆಲ್ಲ ಜಗ್ಗುವ ಗಂಡು ನಾನಲ್ಲ. ಮೂರು ಹಾಳೆ ತುಂಬ ಪ್ರಶ್ನೆ ಬರೆದುಕೊಂಡು ಹೆಲ್ಮೆಟ್ ಅಂಗಡಿಗೆ ನುಗ್ಗಿದೆ. ಎಷ್ಟು ದೂರ ಕೇಳಿಸುತ್ತದೆ? ನಡುವೆ ಗೋಡೆ ಬಂದರೆ? ಬ್ಯಾಟರಿ ಎಷ್ಟು ಹೊತ್ತು? ಮಳೆಗೆ ನೆನೆದರೆ? ಅಂಗಡಿಯವನು ಮೊದಲ ಹಾಳೆ ಮುಗಿಯುವಷ್ಟರಲ್ಲಿ ಸುಸ್ತಾಗಿ, ಮೂರು ಜೊತೆಗಳನ್ನು ನನ್ನ ಮುಂದೆ ಸುರಿದು, "ಒಂದೊಂದೇ ಮನೆಗೆ ತಗೊಂಡು ಹೋಗಿ ನೋಡಿ ಸಾರ್, ಇಲ್ಲಿ ಮಾತ್ರ ನಿಲ್ಲಬೇಡಿ" ಎಂದು ಕೈ ಮುಗಿದ.

ಮೊದಲನೆಯದರಲ್ಲಿ ಏಕಕಾಲಕ್ಕೆ ಎಂಟು ಜನ ಮಾತಾಡಬಹುದಿತ್ತು.

"ಎಂಟು ಜನ ಯಾರು ರೀ?" ಎಂದಳು ಹೆಂಡತಿ.

"ಇರಲಿ ಅಂತ."

"ನಿಮ್ಮೊಬ್ಬರನ್ನೇ ತಡ್ಕೊಳ್ಳೋಕಾಗ್ತಿಲ್ಲ, ಇನ್ನೂ ಏಳು ಜನರನ್ನ ಕರ್ಕೊಂಡು ಬರ್ತೀರಾ?"

ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದೇ ಗೋಡೆಗೆ ಅದರ ಉಸಿರು ನಿಂತಿತು! ಎರಡನೆಯದು ನಮ್ಮ ಬಾಯಿಮಾತಿನ ಆಜ್ಞೆಯನ್ನು ಪಾಲಿಸುವಂಥದ್ದು. ಪಾಲಿಸಿತು ಕೂಡ. ಆದರೆ ನನ್ನ ಆಜ್ಞೆಯನ್ನಲ್ಲ, ಅವಳದನ್ನು. ಅವಳು "ಆಫ್" ಎಂದಳು, ಅದು ಆಫ್ ಆಯಿತು. ಇಂಥ ಅಪಾಯಕಾರಿ ವಸ್ತುವನ್ನು ಅಂದೇ ಸಂಜೆ ಹಿಂದಿರುಗಿಸಿದೆ.

ಮೂರನೆಯದನ್ನು ನಿಲ್ದಾಣಕ್ಕೇ ಒಯ್ದೆ. ಟಿಕೆಟ್ ಗುಮಾಸ್ತನಿಗೆ ಒಂದು ಹೆಲ್ಮೆಟ್ ಹಾಕಿ ಹದಿನಾಲ್ಕನೇ ಅಂಕಣಕ್ಕೆ ಅಟ್ಟಿ, ಇನ್ನೊಂದನ್ನು ನಾನು ತಲೆಗೇರಿಸಿ ಗಾಜಿನ ಗೂಡಿನಲ್ಲಿ ಕೂತೆ. ಹೆಲ್ಮೆಟ್ ಹಾಕಿಕೊಂಡು ಕೂತ ನನ್ನನ್ನು ಕಂಡ ಪ್ರಯಾಣಿಕರೊಬ್ಬರು, "ಏನ್ ಸಾರ್, ಕಲ್ಲು ತೂರಾಟ ಶುರುವಾಯ್ತಾ?" ಎಂದರು. ನಾನು ಉತ್ತರ ಕೊಡುವ ಮೊದಲೇ ಸುದ್ದಿ ಸಾಲಿನ ಕೊನೆಗೆ ತಲುಪಿತ್ತು. ಐದು ನಿಮಿಷದಲ್ಲಿ ನಿಲ್ದಾಣ ಖಾಲಿ! ಮೇಲಧಿಕಾರಿ ನನ್ನಿಂದ ವಿವರಣೆ ಬರೆಸಿಕೊಂಡರು. ಬರೆದುಕೊಟ್ಟೆ. ಅದಕ್ಕೇನಂತೆ, ಗುಮಾಸ್ತ ಹದಿನಾಲ್ಕನೇ ಅಂಕಣದಲ್ಲಿ ಸೀನಿದ್ದೂ ನನಗೆ ಕೇಳಿಸಿತ್ತು. ಇದೇ ಆಗಬೇಕು!

ಮನೆಯಲ್ಲಿ ಕೆಂಪು ಹೆಲ್ಮೆಟ್ಟಿಗೆ ಅವಳ ಸೆಟ್ಟು, ಕಪ್ಪಿಗೆ ನನ್ನದು ಜೋಡಿಸಿದೆ. ಎರಡು ದಿನ ಗೋಗರೆದ ಮೇಲೆ ಅವಳು ಒಪ್ಪಿದಳು.

"ಹಾಕ್ಕೋತೀನಿ. ಆದ್ರೆ ಒಂದೇ ಒಂದು ಮಾತಾಡಿದ್ರೂ ನೋಡಿ ಮತ್ತೆ!"

"ತುಟಿ ಪಿಟಕ್ಕೆನ್ನಲ್ಲ."

ಶುಕ್ರವಾರ ಬೆಳಿಗ್ಗೆ ಪರೀಕ್ಷೆಯ ಮೈದಾನದ ಎದುರಿಗಿದ್ದ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ, ಕಪ್ಪು ಹೆಲ್ಮೆಟ್ ಧರಿಸಿ ಯುದ್ಧಕ್ಕೆ ನಿಂತ ಸೇನಾಪತಿಯಂತೆ ನಿಂತೆ. ಮೈದಾನದ ಸುತ್ತ ಎತ್ತರದ ಕಾಂಪೌಂಡು. ಒಳಗೆ ಸುತ್ತುವವರ ತಲೆ ಮಾತ್ರ ಗೋಡೆಯ ಮೇಲೆ ಕಾಣಿಸುತ್ತಿತ್ತು. ಒಂದು ನೀಲಿ ತಲೆ ಹೋಯಿತು. ಒಂದು ಬಿಳಿ ತಲೆ ಹೋಗಿ ನಡುವೆಯೇ ನಿಂತಿತು. ಏನೋ ಜೋರು ಮಾತು ನಡೆಯಿತು. ಆಮೇಲೆ ಗೋಡೆಯ ಮೇಲೆ ಕೆಂಪು ಹೆಲ್ಮೆಟ್ ತೇಲಿಬಂತು.

ಮಾತು ಕೊಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಕ್ಷಣದಲ್ಲಿ ಸುಮ್ಮನಿರಲು ನಾನೇನು ಕಲ್ಲೇ?

"ಗಾಬರಿಯಾಗಬೇಡ ಚಿನ್ನ, ನಾನಿದ್ದೀನಿ!"

ಹೆಲ್ಮೆಟ್ ಗಕ್ಕನೆ ಅಲುಗಿತು. "ಯಾರು?" ಎಂಬ ಗೊಗ್ಗರು ದನಿ ಕೇಳಿಸಿತು.

"ನಾನೇ ಕಣೇ, ಇನ್ಯಾರು? ಗಂಟಲು ಯಾಕೆ ಹೀಗೆ ಒಣಗಿದೆ? ಉಗುಳು ನುಂಗು."

"ಎಲ್ಲಿದ್ದೀರಿ?"

"ಎದುರಿಗೇ, ಜೆರಾಕ್ಸ್ ಅಂಗಡಿ ಹತ್ರ. ಆ ಇನ್ಸ್‌ಪೆಕ್ಟರ್ ಕಡೆ ಮಾತ್ರ ನೋಡಬೇಡ. ಆ ಮುಖ ನೋಡಿದ್ರೆ ಹೊಸ ಗಾಡಿನೂ ಸ್ಟಾರ್ಟ್ ಆಗಲ್ಲ. ಹ್ಞಾಂ, ಈಗ ಎಡಕ್ಕೆ... ಎಡಕ್ಕೇ! ಅಯ್ಯೋ, ನನ್ನ ಎಡ ಅಲ್ವೇ, ನಿನ್ನ ಎಡ!"

ಹೆಲ್ಮೆಟ್ ಗೋಡೆಯ ಹಿಂದೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

"ಎರಡು ಸಲ ಕಾಲು ಊರಿದೆಯಲ್ಲೇ! ಇರಲಿ ಬಿಡು, ಅವನು ನೋಡಿರಲ್ಲ. ಏನೂ ಆಗದೇ ಇರೋರ ಥರ ಮುಂದೆ ಹೋಗು!"

"ನೋಡಿದ್ದೀನಿ" ಎಂದಿತು ದನಿ. "ಚೆನ್ನಾಗೇ ನೋಡಿದ್ದೀನಿ."

ಗೇಟು ತೆರೆಯಿತು. ಕೆಂಪು ಹೆಲ್ಮೆಟ್ ರಸ್ತೆ ದಾಟಿ ನೇರ ನನ್ನ ಮುಂದೆ ಬಂದು ನಿಂತಿತು. ಮುಖದ ಗಾಜು ಮೇಲಕ್ಕೆ ಹೋಯಿತು. ಒಳಗೆ ಮೀಸೆ ಇತ್ತು!

ನಡೆದದ್ದು ಇಷ್ಟು. ಬಿಳಿ ಹೆಲ್ಮೆಟ್ಟಿನವನು "ಈ ಎಂಟು ಕಿರಿದಾಗಿದೆ, ಯಾರಿಗೂ ಆಗಲ್ಲ" ಎಂದು ಜಗಳ ತೆಗೆದನಂತೆ. ಸಾಹೇಬರಿಗೆ ರೋಷ ಉಕ್ಕಿ, "ನಾನೇ ತೋರಿಸ್ತೀನಿ" ಎಂದು ಸಾಲಿನಲ್ಲಿ ಮುಂದಿದ್ದ ನನ್ನ ಹೆಂಡತಿ ಹತ್ತಿದ್ದ ಬೈಕನ್ನೂ, ನಿಯಮ ನಿಯಮವೇ ಆದ್ದರಿಂದ ಅವಳ ಹೆಲ್ಮೆಟ್ಟನ್ನೂ ತೆಗೆದುಕೊಂಡರಂತೆ.

"ಹೇಳಬಾರದಿತ್ತೇನೇ?" ಎಂದು ಅವರ ಹಿಂದೆಯೇ ಓಡಿಬಂದ ಹೆಂಡತಿಗೆ ಪಿಸುಗುಟ್ಟಿದೆ.

"ಅದರೊಳಗೆ ನೀವಿದ್ದೀರಿ ಅಂತ ಹೇಳೋಷ್ಟರಲ್ಲಿ ಅವರು ಹಾಕ್ಕೊಂಡು ಹೊರಟುಬಿಟ್ಟಿದ್ರು" ಎಂದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ನನ್ನ ನಾಲಿಗೆಯಿಂದ ಅವಳ ಕೆಲಸ ಹೋಯಿತಲ್ಲ ಎಂದು ಆ ರಸ್ತೆಯ ಮೇಲೇ ಸಾಹೇಬರಿಗೆ ಕೈ ಮುಗಿದೆ.

"ಸಾರ್, ತಪ್ಪೆಲ್ಲ ನಂದು. ಅವಳು ಬೇಡ ಅಂತಾನೇ ಅಂದಿದ್ಲು."

"ನಿಮ್ಮ ಮಾತು ಕೇಳಿದೋರು ಯಾರೇ ಆದ್ರೂ ಹಾಗೇ ಅಂತಾರೆ" ಎಂದರು ಸಾಹೇಬರು. ನಮ್ಮಿಬ್ಬರನ್ನೂ ಮೈದಾನದೊಳಗೆ ಕರೆದೊಯ್ದು, ಎರಡು ಹೆಲ್ಮೆಟ್ಟುಗಳನ್ನೂ ಕಿತ್ತುಕೊಂಡು ತಮ್ಮ ಮೇಜಿನ ಕೆಳಗೆ ತಳ್ಳಿದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಬಾಯಿಯ ಮೇಲೆ ಬೆರಳಿಡಲು ಹೇಳಿದರು. ಇಟ್ಟುಕೊಂಡೆ. ಆಫೀಸಿನ ಹಳೆಯ, ಬಣ್ಣ ಹೋದ ಹೆಲ್ಮೆಟ್ಟೊಂದನ್ನು ಅವಳ ಕೈಗೆ ಕೊಟ್ಟು, "ಹೊರಡಿ" ಎಂದರು.

ಅವಳು ಕಣ್ಣೊರೆಸಿಕೊಂಡು ಹಲ್ಲು ಕಚ್ಚಿ ಬೈಕು ಹತ್ತಿದಳು. ಒಂದು ಸುತ್ತು. ಎರಡು ಸುತ್ತು. ನೆಲಕ್ಕೆ ಕಾಲ್ಬೆರಳಿನ ತುದಿಯೂ ತಾಗಲಿಲ್ಲ! ನನ್ನ ಹೆಂಡತಿ ಇಷ್ಟು ಚೆನ್ನಾಗಿ ಗಾಡಿ ಓಡಿಸುತ್ತಾಳೆಂದು ನನಗೆ ಅಂದೇ ಗೊತ್ತಾದದ್ದು. ಬಾಯಿಯ ಮೇಲೆ ಬೆರಳು ಇದ್ದದ್ದಕ್ಕೋ ಏನೋ, ಅಳುವೂ ಬಂತು.

ಸಾಹೇಬರು ಅವಳ ಅರ್ಜಿಯನ್ನು ಮುಂದಕ್ಕೆಳೆದುಕೊಂಡರು.

"ಇಪ್ಪತ್ತೆರಡು ವರ್ಷ ಸರ್ವೀಸು ನಂದು. ಇವರ ಮಾತು ಒಂದೇ ನಿಮಿಷ ಕಿವಿಗೆ ಬಿದ್ದಿದ್ದಕ್ಕೆ ನಾನೇ ಎರಡು ಸಲ ಕಾಲು ಊರಿದೆ. ಮದುವೆ ಆಗಿ ಎಷ್ಟು ವರ್ಷ ಆಯ್ತಮ್ಮಾ?"

"ಹದಿನಾಲ್ಕು, ಸಾರ್."

ಸಾಹೇಬರು ತಲೆ ಎತ್ತಿ ನನ್ನನ್ನು ನೋಡಿದರು. ಅವಳನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

"ಹದಿನಾಲ್ಕು ವರ್ಷ! ನಿಮಗೆ ಬೈಕ್ ಲೈಸೆನ್ಸ್ ಯಾಕಮ್ಮಾ? ನೇರ ಲಾರಿದೇ ಬರೆದುಕೊಡ್ತೀನಿ ಬನ್ನಿ."