ಕಾಶಿಗೆ ಹೊರಟ ಬಲೂನು ಕೊಡೆ

ನನ್ನ ಕೈಗಳ ಬಗ್ಗೆ ನನಗೆ ಯಾವತ್ತೂ ಭ್ರಮೆ ಇರಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಸಹಿ ಹಾಕಿದ್ದು ಬಿಟ್ಟರೆ ಅವು ಬೇರೇನನ್ನೂ ಸಾಧಿಸಿಲ್ಲ. ಚೆನ್ನೈನ ತಾಂಬರಂ ಮನೆಯಲ್ಲಿ ನಾನು ಹೊಡೆದ ಮೊಳೆಗಳು ಕ್ಯಾಲೆಂಡರಿನ ಭಾರಕ್ಕೇ ತಲೆಬಾಗಿವೆ. ಮಗಳು ಮೇಘನಾ ಸ್ಕೂಲಿಗೆ ಒಯ್ಯಬೇಕಾಗಿದ್ದ ಥರ್ಮೋಕೋಲ್ ಮನೆ, ಬೆಂಕಿಕಡ್ಡಿ ಸೇತುವೆ ಎಲ್ಲವೂ ನನ್ನ ಹೆಂಡತಿ ಸುಮಿತ್ರಳ ಕೈಗೆಲಸ. ನಾನು ಎಗ್ಮೋರಿನಿಂದ ಎಲೆಕ್ಟ್ರಿಕ್ ಟ್ರೇನಿನಲ್ಲಿ ನೇತಾಡಿಕೊಂಡು ಬಂದು, ಸೇತುವೆ ನೋಡಿ ಭೇಷ್ ಅಂದು, ಊಟಕ್ಕೆ ಕೂರುತ್ತಿದ್ದೆ. ಅಪ್ಪನಾದವನ ಕೆಲಸ ಅಷ್ಟೇ ಅಂದುಕೊಂಡಿದ್ದೆ.

ಮೇಘನಾಳ ಮದುವೆ ನಿಶ್ಚಯವಾದ ಮೇಲೆ ಇದು ಒಳಗೊಳಗೇ ಚುಚ್ಚತೊಡಗಿತು. ಅಡುಗೆ ಕಾಂಟ್ರಾಕ್ಟು, ಹೂವಿನದು ಕಾಂಟ್ರಾಕ್ಟು, ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸಿ ನಗುವುದಕ್ಕೂ ಕಾಂಟ್ರಾಕ್ಟು. ಒಂದೇ ಒಂದು ವಸ್ತುವನ್ನಾದರೂ ಈ ಕೈಯಿಂದ ಅವಳಿಗೆ ಮಾಡಿಕೊಡಬೇಕು ಅನ್ನಿಸಿತು. ಮುಂದೆ ಅವಕಾಶ ಎಲ್ಲಿ ಬರುತ್ತೆ? ಅದೇ ಹೊತ್ತಿಗೆ ಅವಳು ಫೋನಿನಲ್ಲಿ ಉದ್ದುದ್ದ ಬಲೂನು ತಿರುಚಿ ಮಾಡಿದ ಕೊಡೆಯೊಂದನ್ನು ತೋರಿಸಿ, ಕಾಶಿಯಾತ್ರೆಗೆ ಇಂಥದ್ದಿದ್ದರೆ ಎಷ್ಟು ಚೆಂದ ಅಂದಳು. ಮದುಮಗ ಸಂಸಾರ ಬೇಡವೆಂದು ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುವುದು, ಹೆಣ್ಣಿನ ಅಪ್ಪ ಅಡ್ಡ ನಿಂತು ಮಗಳನ್ನು ಕೊಡುತ್ತೇನೆ ಬಾರಪ್ಪಾ ಎಂದು ಕರೆತರುವುದು, ಇದು ನಮ್ಮಲ್ಲಿ ಎಲ್ಲರೂ ನಗುತ್ತಾ ನೋಡುವ ಶಾಸ್ತ್ರ. ನಾನೇ ಮಾಡ್ತೀನಿ ಬಿಡು ಅಂದುಬಿಟ್ಟೆ. ಅವಳು ನನ್ನನ್ನೇ ನೋಡಿ "ನೀನಾ?" ಅಂದಳು. ಅದರಲ್ಲಿ ಕೊಂಕಿದ್ದಿದ್ದರೆ ಹೇಗಾದರೂ ಜಾರಿಕೊಳ್ಳುತ್ತಿದ್ದೆ. ಕೊಂಕಿರಲಿಲ್ಲ, ಆಸೆ ಇತ್ತು. ನಾನು ಕೆಟ್ಟಿದ್ದು ಅಲ್ಲೇ.

ಹದಿನೈದು ದಿನ ನಮ್ಮ ಹಾಲಿನಲ್ಲಿ ದೀಪಾವಳಿ. ಬಲೂನಿಗೆ ತುದಿಯವರೆಗೂ ಗಾಳಿ ತುಂಬಿದರೆ ತಿರುಚುವಾಗ ಅದು ಹೋಗುವುದಾದರೂ ಎಲ್ಲಿಗೆ? ಢಬ್! ನಾಲ್ಕು ಬೆರಳು ಖಾಲಿ ಬಿಡಬೇಕು ಅಂತ ತಿಳಿಯುವುದರೊಳಗೆ ಕೆಳಗಿನ ಮನೆಯ ಮಾಮಿ ಎರಡು ಸಲ ಮೇಲೆ ಬಂದು, ಎಲ್ಲಾ ಕ್ಷೇಮವೇ ಎಂದು ತಮಿಳಿನಲ್ಲಿ ವಿಚಾರಿಸಿಕೊಂಡು ಹೋದರು. ಪಾಪ, ಒಳ್ಳೆಯ ಹೆಂಗಸು. ನಡುವೆ ಒಂದು ಗಂಟು, ಅದರಿಂದ ಎಂಟು ಕಡ್ಡಿ, ಸುತ್ತ ಒಂದು ಬಳೆ, ಕೆಳಗೆ ಬಾಗಿದ ಹಿಡಿ, ಹೇಳುವುದಕ್ಕೆ ಇಷ್ಟೇ. ನನ್ನ ಮೊದಲ ಕೊಡೆ ನೋಡಿ ಸುಮಿತ್ರ, ಇದು ಆಕ್ಟೋಪಸ್ಸೇನ್ರೀ ಎಂದು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು. ಐದನೆಯದು ಕೊಡೆಯ ಹಾಗೇ ಕಂಡಿತು. ಅದರ ಪಕ್ಕ ಕೂತು ಫೋಟೋ ತೆಗೆಸಿಕೊಂಡೆ.

ಮದುವೆಯ ಬೆಳಿಗ್ಗೆ ಛತ್ರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಳದಿ, ಕೆಂಪು ಬಲೂನುಗಳ ಕೊಡೆ ಕಟ್ಟಿ ಮುಗಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. ಯಾಕೋ ಮಂಕಾಗಿ ಕಂಡಿತು. ನಮ್ಮ ಮನೆಯಲ್ಲಿ ಮಂಕಾದದ್ದು ಏನೇ ಇರಲಿ, ತಲೆಯಾಗಲಿ, ತೊಟ್ಟಿಲಾಗಲಿ, ಕೊಬ್ಬರಿ ಎಣ್ಣೆ ಸವರುವುದು ಪದ್ಧತಿ. ಸವರಿದೆ. ಕೊಡೆ ಥಳಥಳ ಹೊಳೆಯಿತು. ಮೇಘನಾ ಇಣುಕಿ ನೋಡಿ, ಒಳಗೆ ಬಂದು ಕೊಡೆಗೆ ಒಂದು ಸುತ್ತು ಹಾಕಿದಳು. ಆಮೇಲೆ "ಸೂಪರ್ ಪಾ" ಅಂದಳು. ಆ ಎರಡು ಮಾತಿಗೆ ಮೂವತ್ತು ವರ್ಷದ ಸಹಿಗಳನ್ನೆಲ್ಲ ನಿವಾಳಿಸಿ ಎಸೆಯಬಹುದಿತ್ತು. ಎಣ್ಣೆ ರಬ್ಬರನ್ನು ತಿನ್ನುತ್ತದೆ ಅಂತ ನನಗೆ ಯಾರು ಹೇಳಿದ್ದರು?

ಅಳಿಯ ಕಾರ್ತಿಕ್ ಮೈಸೂರಿನ ಹುಡುಗ, ಬಹಳ ಸಂಕೋಚದವನು. ಕೊಡೆ ಹಿಡಿದು ಗಂಭೀರವಾಗಿ ಚೆನ್ನೈ ಬಿಸಿಲಿಗೆ ನಾಲ್ಕು ಹೆಜ್ಜೆ ಇಟ್ಟ. ಢಬ್. ಹುಡುಗ ಬೆಚ್ಚಿದ. ಇನ್ನೊಂದು ಢಬ್ ಅನ್ನುವಷ್ಟರಲ್ಲಿ, ನಾನು ಬಾಯಿ ತೆರೆಯುವ ಮೊದಲೇ, ಕಾಶಿಯ ಆಸೆ ಬಿಟ್ಟು ತಾನಾಗಿಯೇ ಓಡಿ ಒಳಗೆ ಬಂದುಬಿಟ್ಟ. ಛತ್ರಕ್ಕೆ ಛತ್ರವೇ ನಕ್ಕಿತು. ಪುರೋಹಿತರು ಮಾತ್ರ ನಗಲಿಲ್ಲ. ಹೆಣ್ಣಿನ ತಂದೆ ಕರೆಯದೆ ವರ ಬರುವ ಹಾಗಿಲ್ಲ, ಮತ್ತೆ ಹೊರಡಲಿ ಅಂದರು. ಪಾಪ, ಮತ್ತೆ ಹೊರಟ. ಢಬ್, ಢಬ್. ನನ್ನ ಹದಿನೈದು ದಿನದ ಬೆವರು ಅವನ ತಲೆಯ ಮೇಲೆ ಒಂದೊಂದೇ ಕಡ್ಡಿಯಾಗಿ ಹಾರಿಹೋಗುತ್ತಿತ್ತು.

ನಾನು ಅಡ್ಡ ಹೋಗಿ ನಿಂತೆ. ಹೇಳಬೇಕಾದ ಮಾತು ಒಂದೇ ಸಾಲು, ಬಾಯಿಪಾಠವಾಗಿತ್ತು: ನನ್ನ ಮಗಳನ್ನು ಕೊಡುತ್ತೇನೆ, ಬಾರಪ್ಪಾ. ಬಾಯಿಗೆ ಬರಲೇ ಇಲ್ಲ. ಕೊಡುತ್ತೇನೆ ಅನ್ನುವ ಮಾತು ಅಷ್ಟು ಭಾರ ಅಂತ ಅಭ್ಯಾಸ ಮಾಡುವಾಗ ಗೊತ್ತಾಗಿರಲಿಲ್ಲ. ನಿಜ ಹೇಳುತ್ತೇನೆ, ಹುಡುಗ ಹಾಗೇ ಕಾಶಿಗೆ ಹೋಗಿಬಿಡಲಿ, ಬೇಕಾದರೆ ನಾನೇ ಟಿಕೆಟ್ ಮಾಡಿಸುತ್ತೇನೆ ಅಂತಲೂ ಒಂದು ಕ್ಷಣ ಅನ್ನಿಸಿತು. ಹಿಂದಿನಿಂದ ಮೇಘನಾ ಮೆಲ್ಲಗೆ ಅಂದಳು: "ಬೇಗ ಕರೀಪ್ಪಾ, ಇನ್ನೆರಡೇ ಉಳಿದಿರೋದು."

ಕರೆದೆ. ಕಣ್ಣಲ್ಲಿ ನೀರು ಬಂದೇ ಬಂತು. ಬೀಗರು ನನ್ನ ಬೆನ್ನು ತಟ್ಟಿ, ಹೋಗಲಿ ಬಿಡಿ ಸ್ವಾಮಿ, ಒಂದು ಕೊಡೆಗೆ ಯಾರಾದರೂ ಇಷ್ಟು ಅಳುತ್ತಾರೆಯೇ ಎಂದು ಸಮಾಧಾನ ಮಾಡಿದರು. ಹೌದು ಸ್ವಾಮಿ, ಎಷ್ಟು ಕಷ್ಟಪಟ್ಟು ಮಾಡಿದ್ದೆ ಗೊತ್ತಾ ಅಂದೆ.